ಮೊಬೈಲ್ ಟವರಿನ ಬಳಿ ಒಂದು ಉಗ್ರಾಣ

ಹಸಿವಾದಾಗಲೆಲ್ಲ ಯಾರೂ ಗದ್ದೆಗೆ ಓಡುವುದಿಲ್ಲ. ಗದ್ದೆಯ ಭತ್ತ ಅಕ್ಕಿಯಾಗಿ ಅಂಗಡಿಗೆ, ಅಂಗಡಿಯಿಂದ ಮನೆಯ ಉಗ್ರಾಣಕ್ಕೆ, ಅಲ್ಲಿಂದ ಅಡುಗೆಮನೆಯ ಡಬ್ಬಿಗೆ ಬಂದು ಸೇರಿರುತ್ತದೆ. ಗದ್ದೆ ದೊಡ್ಡದು, ಆದರೆ ದೂರ. ಡಬ್ಬಿ ಚಿಕ್ಕದು, ಆದರೆ ಕೈಗೆ ಹತ್ತಿರ. ಯಾವ ವಸ್ತು ದಿನನಿತ್ಯ ಬೇಕೋ ಅದು ಡಬ್ಬಿಯಲ್ಲಿ. ವರ್ಷಕ್ಕೊಮ್ಮೆ ಬೇಕಾದದ್ದು ಅಟ್ಟದ ಮೇಲೆ. ಈ ಏರ್ಪಾಡನ್ನು ನಮ್ಮ ಹಿರಿಯರು ಯಾವ ಗ್ರಂಥವನ್ನೂ ಓದದೆ ಮಾಡಿಕೊಂಡಿದ್ದರು. ಇದೇ ಏರ್ಪಾಡು ಇಂದು ನಿಸ್ತಂತು ಜಾಲಗಳ ವಿಜ್ಞಾನದಲ್ಲಿ ಒಂದು ಮುಖ್ಯ ಅಧ್ಯಯನ ವಿಷಯವಾಗಿದೆ. ಜನರು ಪದೇ ಪದೇ ಕೇಳುವ ಚಿತ್ರ, ಪಾಠ, ಹಾಡು ಮೊದಲಾದವುಗಳ ಪ್ರತಿಯೊಂದನ್ನು ಅವರ ಸಮೀಪದಲ್ಲೇ, ಅಂದರೆ ಟವರಿನ ಬಳಿಯಲ್ಲೋ ಅವರ ಕೈಯ ಫೋನಿನಲ್ಲೋ ಮೊದಲೇ ತಂದಿರಿಸುವುದು ಹೇಗೆ ಎಂಬುದೇ ಆ ವಿಷಯ.

ನಮ್ಮ ಶಾಲೆಯ ವಿದ್ಯಾರ್ಥಿಗಳಿಗೆ ಈ ವಿಷಯ ಏಕೆ ಬೇಕು ಎಂದು ಕೇಳಬಹುದು. 2020ರ ಜೂನ್ 1ರಂದು ಕೇರಳದಲ್ಲಿ ಶಾಲೆಯ ಬಾಗಿಲು ತೆರೆಯದೆಯೇ ಶಾಲಾವರ್ಷ ಆರಂಭವಾಯಿತು. ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಎಂಬ ಹೆಸರಿನ ತರಗತಿಗಳು ಪ್ರಸಾರವಾದವು. ಕನ್ನಡ ಮಾಧ್ಯಮದ ಪಾಠಗಳು ಯೂಟ್ಯೂಬ್‌ನಲ್ಲಿ ದೊರೆಯುವಂತಾದವು. ಟಿ.ವಿ. ಪ್ರಸಾರವನ್ನು ಹತ್ತು ಮಂದಿ ನೋಡಿದರೂ ಹತ್ತು ಸಾವಿರ ಮಂದಿ ನೋಡಿದರೂ ಪ್ರಸಾರಕೇಂದ್ರದ ಹೊರೆ ಒಂದೇ. ಆದರೆ ಮೊಬೈಲಿನಲ್ಲಿ ನೋಡುವ ಪಾಠ ಹಾಗಲ್ಲ. ನೋಡುವವನೊಬ್ಬನಿಗೆ ಒಂದು ಪ್ರತಿಯಂತೆ ಅದು ಜಾಲದಲ್ಲಿ ಹರಿದು ಬರಬೇಕು. ಪಾಠದ ನಡುವೆ ಚಿತ್ರ ನಿಂತು, ಪರದೆಯ ಮೇಲೆ ಚಕ್ರ ಮಾತ್ರ ತಿರುಗುತ್ತಿದ್ದುದನ್ನು ಅಂದಿನ ಮಕ್ಕಳು ಮರೆತಿರಲಾರರು. ಆ ಚಕ್ರ ಏಕೆ ತಿರುಗುತ್ತದೆ, ಅದನ್ನು ನಿಲ್ಲಿಸುವ ಉಪಾಯವೇನು, ಆ ಉಪಾಯದಲ್ಲಿ ನಮ್ಮಂತಹ ಚಿಕ್ಕ ಸಮುದಾಯಕ್ಕೆ ಸಿಗುವ ಪಾಲೆಷ್ಟು ಎಂಬುದನ್ನು ಕ್ರಮವಾಗಿ ನೋಡೋಣ.

ಪಾಠ ಬರುವ ದಾರಿ

ಒಂದು ಪಾಠ ನಮ್ಮ ಫೋನಿಗೆ ತಲುಪಬೇಕಾದರೆ ಮೂರು ಹಂತಗಳನ್ನು ದಾಟಬೇಕು. ಮೊದಲನೆಯದು, ಪಾಠವನ್ನು ಇಟ್ಟಿರುವ ದೂರದ ಸರ್ವರ್ ಎಂಬ ಕಂಪ್ಯೂಟರಿನಿಂದ ಮೊಬೈಲ್ ಕಂಪೆನಿಯ ಕೇಂದ್ರದವರೆಗಿನ ಹೆದ್ದಾರಿ. ಎರಡನೆಯದು, ಆ ಕೇಂದ್ರದಿಂದ ನಮ್ಮೂರಿನ ಟವರಿನವರೆಗಿನ ಕೊಂಡಿ. ಮೂರನೆಯದು, ಟವರಿನಿಂದ ಫೋನಿನವರೆಗಿನ ರೇಡಿಯೋ ಹಾದಿ.

ಹೆದ್ದಾರಿಯಲ್ಲಿ ಸಂಕೇತಗಳು ಗಾಜಿನ ಎಳೆಯೊಳಗೆ ಬೆಳಕಾಗಿ ಸಾಗುತ್ತವೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸರ್ವರ್ 1000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಸೆಕೆಂಡಿನ ನೂರರಲ್ಲಿ ಒಂದು ಪಾಲು ಸಾಕು. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಚಿತ್ರ ಮೂಡುವ ಮೊದಲು ಫೋನಿಗೂ ಸರ್ವರಿಗೂ ನಡುವೆ ಹಲವು ಸಲ ಪ್ರಶ್ನೋತ್ತರ ನಡೆಯಬೇಕು; ದಾರಿಯ ಪ್ರತಿ ಕೂಡುರಸ್ತೆಯಲ್ಲೂ ಸರದಿ ಕಾಯಬೇಕು. ಹೀಗೆ ವಿಳಂಬ ಬೆಳೆಯುತ್ತದೆ.

ಎರಡನೆಯ ಹಂತವೇ ನಮ್ಮಂತಹ ಊರುಗಳ ಇಕ್ಕಟ್ಟಿನ ಜಾಗ. ಎಲ್ಲ ಟವರುಗಳಿಗೂ ಫೈಬರ್ ಕೇಬಲ್ ತಲುಪಿಲ್ಲ. ಗುಡ್ಡದ ಮೇಲಿನ ಎಷ್ಟೋ ಟವರುಗಳು ಮತ್ತೊಂದು ಗುಡ್ಡದ ಟವರಿನಿಂದ ಮೈಕ್ರೋವೇವ್ ಕಿರಣದ ಮೂಲಕ ಮಾಹಿತಿ ಪಡೆಯುತ್ತವೆ. ಈ ಕೊಂಡಿಯ ಸಾಮರ್ಥ್ಯಕ್ಕೆ ಒಂದು ಮಿತಿಯಿದೆ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಕೊಂಡಿಯ ಸಾಮರ್ಥ್ಯ ಸೆಕೆಂಡಿಗೆ 100 ಮೆಗಾಬಿಟ್ ಎಂದಿಟ್ಟುಕೊಳ್ಳೋಣ. ಸಂಜೆ 7 ಗಂಟೆಗೆ ಒಂದೇ ಟವರಿನ ವ್ಯಾಪ್ತಿಯಲ್ಲಿರುವ 40 ವಿದ್ಯಾರ್ಥಿಗಳು 200 ಮೆಗಾಬೈಟ್ ಗಾತ್ರದ ಒಂದೇ ಪಾಠವನ್ನು ಕೇಳುತ್ತಾರೆ. ಒಂದು ಬೈಟ್ ಎಂದರೆ 8 ಬಿಟ್.

40 × 200 × 8 = 64,000 ಮೆಗಾಬಿಟ್. ಇದನ್ನು ಸಾಗಿಸಲು 640 ಸೆಕೆಂಡು, ಅಂದರೆ 10 ನಿಮಿಷಕ್ಕೂ ಮಿಕ್ಕಿದ ಸಮಯ ಬೇಕು.

ಅದೇ ಪಾಠದ ಒಂದು ಪ್ರತಿಯನ್ನು ಟವರಿನ ಬಳಿ ಇಟ್ಟುಕೊಂಡರೆ ಕೊಂಡಿಯ ಮೇಲೆ ಸಾಗಬೇಕಾದದ್ದು ಒಂದು ಪ್ರತಿ ಮಾತ್ರ: 200 × 8 = 1,600 ಮೆಗಾಬಿಟ್; 16 ಸೆಕೆಂಡು. ಆ ಒಂದು ಪ್ರತಿಯನ್ನೂ ಸಂಜೆಯ ದಟ್ಟಣೆಯ ವೇಳೆಯಲ್ಲೇ ತರಬೇಕಾಗಿಲ್ಲ. ನಡುರಾತ್ರಿಯಲ್ಲಿ ದಾರಿ ಖಾಲಿಯಿರುವಾಗ ತಂದಿರಿಸಬಹುದು.

ನಮ್ಮ ಕಾಸರಗೋಡಿನ ಕೃಷಿಕರಿಗೆ ಇದು ಹೊಸತಲ್ಲ. ಗುಡ್ಡ ಕೊರೆದ ಸುರಂಗದಿಂದ ನೀರು ಸಣ್ಣ ಎಳೆಯಾಗಿ ಒಸರುತ್ತದೆ. ಆ ಎಳೆಯನ್ನು ನೇರವಾಗಿ ತೋಟಕ್ಕೆ ಬಿಟ್ಟರೆ ಮೊದಲ ಸಾಲಿನ ಅಡಿಕೆ ಮರಕ್ಕೂ ಸಾಲದು. ಆದ್ದರಿಂದ ಅದನ್ನು ರಾತ್ರಿಯಿಡೀ ತೊಟ್ಟಿಯಲ್ಲಿ ತುಂಬಿಸಿ, ಬೆಳಗ್ಗೆ ಒಮ್ಮೆಲೇ ಬಿಡುತ್ತಾರೆ. ಸುರಂಗದ ಧಾರೆ ದೊಡ್ಡದಾಗಲಿಲ್ಲ. ಆದರೂ ತೋಟ ತಣಿಯಿತು. ತೆಳ್ಳನೆಯ ಕೊಂಡಿಯಿರುವ ಟವರಿಗೆ ಉಗ್ರಾಣ ಮಾಡುವ ಉಪಕಾರವೂ ಇದೇ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಟವರಿನ ಉಗ್ರಾಣದಿಂದ ಮೊದಲೆರಡು ಹಂತಗಳ ಹೊರೆ ಇಳಿಯುತ್ತದೆ. ಮೂರನೆಯದಾದ ರೇಡಿಯೋ ಹಾದಿಯಲ್ಲಿ 40 ಪ್ರತಿಗಳೂ ಸಾಗಲೇಬೇಕು. ಅದನ್ನು ಹಗುರಗೊಳಿಸಲು ಬೇರೊಂದು ಜಾಣ್ಮೆ ಬೇಕು. ಅದರ ವಿಚಾರ ಮುಂದೆ ಬರುತ್ತದೆ.

ಉಗ್ರಾಣದ ಚರಿತ್ರೆ

ಇಂತಹ ಕಿರು ಉಗ್ರಾಣಕ್ಕೆ ಕಂಪ್ಯೂಟರ್ ಶಾಸ್ತ್ರದಲ್ಲಿ ‘ಕ್ಯಾಷ್’ ಎಂದು ಹೆಸರು. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಪದದಿಂದ ಇದು ಬಂದಿದೆ. ಆರಂಭದಲ್ಲಿ ಇದು ಊರಿಗೆ ಸಂಬಂಧಿಸಿದ್ದಾಗಿರಲಿಲ್ಲ. ಒಂದೇ ಯಂತ್ರದ ಒಳಗಿನ ವಿಷಯವಾಗಿತ್ತು. ಗಣಿಸುವ ಭಾಗ ವೇಗವಾಗಿದ್ದು ದೊಡ್ಡ ಸ್ಮೃತಿಕೋಶ ನಿಧಾನವಾಗಿದ್ದುದರಿಂದ, ಎರಡರ ನಡುವೆ ಚಿಕ್ಕದೂ ಚುರುಕಾದುದೂ ಆದ ಇನ್ನೊಂದು ಸ್ಮೃತಿಕೋಶವನ್ನಿಡುವ ಯೋಚನೆಯನ್ನು ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ಪ್ರಕಟಿಸಿದರು. 1968ರಲ್ಲಿ ಐ.ಬಿ.ಎಂ. ಸಂಸ್ಥೆ ಪ್ರಕಟಿಸಿದ ಸಿಸ್ಟಂ 360ರ 85ನೆಯ ಮಾದರಿಯಲ್ಲಿ ಇದು ಬಳಕೆಗೆ ಬಂದಿತು.

ಅಂತರ್ಜಾಲ ಹರಡಿದ ಮೇಲೆ ಅದೇ ತತ್ತ್ವ ಭೂಪಟದ ಮೇಲೆ ಚಾಚಿಕೊಂಡಿತು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವರ ಶಿಷ್ಯ ಡೇನಿಯಲ್ ಲೆವಿನ್ 1998ರಲ್ಲಿ ಅಕಮಾಯ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಜಾಲತಾಣಗಳ ಪ್ರತಿಗಳನ್ನು ಬೇರೆ ಬೇರೆ ಊರುಗಳ ಸರ್ವರುಗಳಲ್ಲಿ ಇರಿಸಿ, ಕೇಳುವವನಿಗೆ ಸಮೀಪದ ಪ್ರತಿಯಿಂದ ಒದಗಿಸುವುದು ಅದರ ಕೆಲಸ. 2012ರಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆ ಅಂತರ್ಜಾಲ ಸೇವೆ ನೀಡುವವರ ಕಟ್ಟಡಗಳಲ್ಲೇ ತನ್ನ ದಾಸ್ತಾನಿನ ಪೆಟ್ಟಿಗೆಗಳನ್ನು ಇಡುವ ಯೋಜನೆಯನ್ನು ಪ್ರಕಟಿಸಿತು. ಜನ ಮಲಗಿರುವ ಹೊತ್ತಿನಲ್ಲಿ ಆ ಪೆಟ್ಟಿಗೆಗಳು ತುಂಬಿಕೊಳ್ಳುತ್ತವೆ. 2014ರಲ್ಲಿ ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆಯಾದ ಎಟ್ಸಿ, ಮೊಬೈಲ್ ಜಾಲದ ಅಂಚಿನಲ್ಲೇ ಗಣನೆ ಮತ್ತು ದಾಸ್ತಾನು ನಡೆಯುವಂತೆ ನಿಯಮಗಳನ್ನು ರೂಪಿಸಲು ಒಂದು ತಂಡವನ್ನು ನೇಮಿಸಿತು. ಯಂತ್ರದೊಳಗಿನಿಂದ ಹೊರಟ ಉಗ್ರಾಣ ಹೀಗೆ ಟವರಿನ ಬುಡದವರೆಗೆ ಬಂದಿತು.

ಯಾವುದನ್ನು ಇಡಬೇಕು?

ಉಗ್ರಾಣ ಚಿಕ್ಕದು, ಲೋಕದ ಸರಕು ಅಪಾರ. ಆದ್ದರಿಂದ ಆಯ್ಕೆ ಅನಿವಾರ್ಯ. ಈ ಆಯ್ಕೆಯನ್ನು ಸುಲಭಗೊಳಿಸುವ ಒಂದು ನಿಯಮ ನಿಸರ್ಗದಲ್ಲೇ ಇರುವಂತಿದೆ. ಅಮೆರಿಕದ ಭಾಷಾವಿದ್ವಾಂಸ ಜಾರ್ಜ್ ಕಿಂಗ್ಸ್‌ಲಿ ಜಿಫ್ ಅವರು ಪದಗಳ ಬಳಕೆಯಲ್ಲಿ ಒಂದು ಕ್ರಮವನ್ನು ತೋರಿಸಿಕೊಟ್ಟಿದ್ದರು. ಅತಿ ಹೆಚ್ಚು ಬಳಕೆಯ ಪದ ಎಷ್ಟು ಸಲ ಬರುತ್ತದೋ, ಎರಡನೆಯ ಸ್ಥಾನದ ಪದ ಸುಮಾರು ಅದರ ಅರ್ಧದಷ್ಟು ಸಲ, ಮೂರನೆಯದು ಮೂರರಲ್ಲೊಂದು ಪಾಲು ಸಲ ಬರುತ್ತದೆ. ಜನರು ಜಾಲದಲ್ಲಿ ಕೇಳುವ ಪುಟಗಳೂ ಹೆಚ್ಚುಕಡಿಮೆ ಇದೇ ಮಾದರಿಯಲ್ಲಿವೆ ಎಂದು 1999ರಲ್ಲಿ ಲೀ ಬ್ರೆಸ್ಲಾವ್ ಮತ್ತು ಸಂಗಡಿಗರು ತೋರಿಸಿದರು.

ಇದರ ಲಾಭವೇನು? ಒಟ್ಟು 1000 ಪಾಠಗಳಿವೆಯೆಂದೂ ಬೇಡಿಕೆ ಜಿಫ್ ನಿಯಮದಂತೆಯೇ ಇದೆಯೆಂದೂ ಭಾವಿಸಿ ಲೆಕ್ಕ ಹಾಕಿದರೆ, ಮೊದಲ 10 ಪಾಠಗಳಿಗೆ 100ರಲ್ಲಿ ಸುಮಾರು 39 ಬೇಡಿಕೆಗಳು ಬರುತ್ತವೆ. ಮೊದಲ 100 ಪಾಠಗಳಿಗೆ ಸುಮಾರು 69. ಅಂದರೆ ಸರಕಿನ ಹತ್ತರಲ್ಲಿ ಒಂದು ಪಾಲನ್ನು ಇಟ್ಟುಕೊಂಡ ಉಗ್ರಾಣ ಮೂರರಲ್ಲಿ ಎರಡು ಪಾಲು ಗಿರಾಕಿಗಳನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲ. ಚಿಕ್ಕ ಉಗ್ರಾಣವೂ ಪ್ರಯೋಜನಕಾರಿ ಎಂಬುದಕ್ಕೆ ಇದೇ ಆಧಾರ.

ಉಗ್ರಾಣ ತುಂಬಿದ ಮೇಲೆ ಹೊಸದು ಬಂದರೆ ಯಾವುದನ್ನು ಹೊರಹಾಕಬೇಕು? ಬಹಳ ಹೊತ್ತಿನಿಂದ ಯಾರೂ ಕೇಳದಿರುವುದನ್ನು ಹೊರಹಾಕು ಎಂಬುದು ಒಂದು ರೂಢಿಯ ಸೂತ್ರ. ಅತಿ ಕಡಿಮೆ ಸಲ ಕೇಳಿದ್ದನ್ನು ಹೊರಹಾಕು ಎಂಬುದು ಇನ್ನೊಂದು. ಎರಡೂ ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸುವ ಸೂತ್ರಗಳು. ಎಲ್ಲಕ್ಕಿಂತ ಉತ್ತಮವಾದ ಸೂತ್ರವನ್ನು ಐ.ಬಿ.ಎಂ.ನ ಲಾಸ್ಲೋ ಬೆಲಾಡಿ 1966ರಲ್ಲಿ ಹೇಳಿದರು. ಯಾವುದರ ಮುಂದಿನ ಬೇಡಿಕೆ ಅತಿ ದೂರದಲ್ಲಿದೆಯೋ ಅದನ್ನು ಹೊರಹಾಕಬೇಕು. ಆದರೆ ಇದಕ್ಕೆ ಭವಿಷ್ಯ ತಿಳಿದಿರಬೇಕು! ಆದುದರಿಂದ ಇದನ್ನು ಬಳಸುವ ಸೂತ್ರವೆಂದಲ್ಲದೆ, ಬೇರೆ ಸೂತ್ರಗಳನ್ನು ತೂಗಿ ನೋಡುವ ಕಲ್ಲು ಎಂದು ಪರಿಗಣಿಸುತ್ತಾರೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಉಗ್ರಾಣದಲ್ಲಿ 2 ಪಾಠಗಳಿಗೆ ಮಾತ್ರ ಸ್ಥಳವಿದೆ. ಬೇಡಿಕೆ ಈ ಕ್ರಮದಲ್ಲಿ ಬರುತ್ತದೆ: ಗಣಿತ, ಕನ್ನಡ, ವಿಜ್ಞಾನ, ಗಣಿತ, ಕನ್ನಡ, ವಿಜ್ಞಾನ. ಮೊದಲನೆಯ ರೂಢಿಯ ಸೂತ್ರವನ್ನು ಅನುಸರಿಸಿದರೆ ವಿಜ್ಞಾನ ಬಂದಾಗ ಹಳೆಯದಾದ ಗಣಿತ ಹೊರಗೆ. ಮರುಕ್ಷಣ ಗಣಿತವೇ ಬೇಕು! ಅದನ್ನು ತರಲು ಕನ್ನಡ ಹೊರಗೆ. ಮುಂದಿನ ಬೇಡಿಕೆ ಕನ್ನಡ! ಹೀಗೆ ಆರು ಸಲವೂ ದೂರದಿಂದಲೇ ತರಬೇಕಾಗುತ್ತದೆ. ಬೆಲಾಡಿ ಸೂತ್ರದಂತೆ ನಡೆದರೆ ವಿಜ್ಞಾನ ಬಂದಾಗ ಕನ್ನಡವನ್ನು ಹೊರಗಿಟ್ಟು ಗಣಿತವನ್ನು ಉಳಿಸಿಕೊಳ್ಳುತ್ತೇವೆ. ನಾಲ್ಕನೆಯ ಬೇಡಿಕೆಯ ಗಣಿತ ಕೈಯಲ್ಲೇ ಇರುತ್ತದೆ. ಕನ್ನಡವನ್ನು ಪುನಃ ತರಿಸುವಾಗ ಗಣಿತವನ್ನು ಬಿಟ್ಟರೆ ಆರನೆಯ ಬೇಡಿಕೆಯ ವಿಜ್ಞಾನವೂ ಕೈಯಲ್ಲೇ ಇರುತ್ತದೆ. ಆರರಲ್ಲಿ ಎರಡು ಸಲ ದೂರದ ಪ್ರಯಾಣ ತಪ್ಪಿತು. ಉಗ್ರಾಣದ ಗಾತ್ರ ಅಷ್ಟೇ. ಬೆಳೆದದ್ದು ತಿಳಿವಳಿಕೆ ಮಾತ್ರ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ನೆರೆಹೊರೆಯ ಟವರುಗಳು

ಒಂದೇ ಉಗ್ರಾಣವಾದರೆ ಇಷ್ಟು ಸಾಕು. ಆದರೆ ನಿಸ್ತಂತು ಜಾಲದಲ್ಲಿ ಒಬ್ಬನ ಫೋನಿಗೆ ಹಲವು ವೇಳೆ ಎರಡು ಮೂರು ಕೇಂದ್ರಗಳು ಎಟಕುತ್ತವೆ. ಈ ಸಂಗತಿಯನ್ನು ಆಧರಿಸಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೆಗಿನ್ ಗೋಲ್‌ರೆಜಾಯಿ, ಕಾರ್ತಿಕೇಯನ್ ಷಣ್ಮುಗಂ, ಅಲೆಕ್ಸಾಂಡ್ರೋಸ್ ದಿಮಾಕಿಸ್, ಆಂಡ್ರಿಯಾಸ್ ಮೋಲಿಷ್ ಮತ್ತು ಜುಸೆಪ್ಪೆ ಕೈರೆ ಎಂಬ ಐವರು 2012ರಲ್ಲಿ ‘ಫೆಮ್ಟೋಕ್ಯಾಷಿಂಗ್’ ಎಂಬ ವಿಧಾನವನ್ನು ಮಂಡಿಸಿದರು. ದೊಡ್ಡ ಟವರಿನ ಸುತ್ತ ಅಲ್ಲಲ್ಲಿ ಚಿಕ್ಕ ಚಿಕ್ಕ ಸಹಾಯಕ ಕೇಂದ್ರಗಳನ್ನು ಇಡುವುದು; ಅವುಗಳಿಗೆ ದುಬಾರಿಯಾದ ವೇಗದ ಕೊಂಡಿಯನ್ನು ಕೊಡದೆ, ಅಗ್ಗವಾದ ದೊಡ್ಡ ಸ್ಮೃತಿಕೋಶವನ್ನು ಕೊಡುವುದು. ಕೊಂಡಿಯ ಕೊರತೆಯನ್ನು ದಾಸ್ತಾನು ತುಂಬಿಕೊಡುತ್ತದೆ.

ಇಲ್ಲಿ ಸ್ವಾರಸ್ಯವಾದ ಸಮಸ್ಯೆಯೊಂದು ಹುಟ್ಟುತ್ತದೆ. ಅಕ್ಕಪಕ್ಕದ ಎರಡು ಕೇಂದ್ರಗಳಲ್ಲಿ ತಲಾ 2 ಪಾಠಗಳಿಗೆ ಸ್ಥಳವಿದೆಯೆನ್ನೋಣ. ಎರಡರಲ್ಲೂ ಅತಿ ಬೇಡಿಕೆಯ ಅವೇ ಎರಡು ಪಾಠಗಳನ್ನಿಟ್ಟರೆ, ಎರಡೂ ಕೇಂದ್ರಗಳು ಎಟಕುವ ನಡುವಿನ ಮನೆಗೆ ಸಿಗುವುದು 2 ಪಾಠ. ಬೇರೆ ಬೇರೆ ಇಟ್ಟರೆ ನಡುವಿನ ಮನೆಗೆ 4 ಪಾಠ. ಆದರೆ ಒಂದೇ ಕೇಂದ್ರ ಎಟಕುವ ಅಂಚಿನ ಮನೆಗೆ ನಷ್ಟ. ಮದುವೆ ಮನೆಗೆ ಹತ್ತಿರದ ನೆಂಟರಿಬ್ಬರೂ ಒಂದೇ ಪಾತ್ರೆಯನ್ನು ಉಡುಗೊರೆ ತಂದಂತೆ ಆಗಬಾರದು. ಹಾಗೆಂದು ಬೇಕಾದ ಪಾತ್ರೆ ಯಾರ ಕೈಯಲ್ಲೂ ಇಲ್ಲದಂತೆಯೂ ಆಗಬಾರದು. ನೂರಾರು ಕೇಂದ್ರಗಳಿಗೆ ಅತ್ಯುತ್ತಮ ಹಂಚಿಕೆಯನ್ನು ಕಂಡುಹಿಡಿಯುವುದು, ಕಂಪ್ಯೂಟರಿಗೂ ವೇಗದ ದಾರಿ ತಿಳಿದಿಲ್ಲದ ಕಠಿಣ ಲೆಕ್ಕಗಳ ವರ್ಗಕ್ಕೆ ಸೇರಿದ್ದೆಂದು ಅವರು ಸಾಧಿಸಿದರು. ಆದರೆ ಒಂದು ಸಮಾಧಾನವಿದೆ. ಪ್ರತಿ ಹೆಜ್ಜೆಯಲ್ಲೂ ಆಗ ಅತಿ ಹೆಚ್ಚು ಲಾಭ ಕೊಡುವ ಒಂದು ಪಾಠವನ್ನು ಒಂದು ಕೇಂದ್ರದಲ್ಲಿ ಇಡುತ್ತಾ ಹೋದರೆ, ಕೊನೆಗೆ ದೊರೆಯುವ ಲಾಭ ಅತ್ಯುತ್ತಮ ಹಂಚಿಕೆಯ ಅರ್ಧಕ್ಕಿಂತ ಎಂದೂ ಕಡಿಮೆಯಾಗದು ಎಂದು ಗಣಿತವೇ ಭರವಸೆ ಕೊಡುತ್ತದೆ.

ಒಂದು ಕೂಗು, ಇಬ್ಬರಿಗೆ ಉತ್ತರ

ಇನ್ನು ರೇಡಿಯೋ ಹಾದಿಯ ಹೊರೆ. ರೇಡಿಯೋ ಎಂಬುದು ಸ್ವಭಾವತಃ ಬಯಲಿನಲ್ಲಿ ನಿಂತು ಕೂಗಿದಂತೆ. ಒಬ್ಬನಿಗೆಂದು ಕೂಗಿದ್ದು ಎಲ್ಲರಿಗೂ ಕೇಳಿಸುತ್ತದೆ. ಒಂದೇ ಕೂಗಿನಿಂದ ಬೇರೆ ಬೇರೆ ವಸ್ತು ಕೇಳಿದ ಇಬ್ಬರಿಗೂ ಉತ್ತರ ಕೊಡಬಹುದೇ? ಕೊಡಬಹುದು ಎಂದು ಅಮೆರಿಕದ ಬೆಲ್ ಪ್ರಯೋಗಾಲಯದ ಮೊಹಮ್ಮದ್ ಅಲಿ ಮದ್ದಾ-ಅಲಿ ಮತ್ತು ಉರ್ಸ್ ನೀಸನ್ 2014ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದರು. ಪ್ರೌಢಶಾಲೆಯ ಗಣಿತವಷ್ಟೇ ತಿಳಿದವರೂ ಇದನ್ನು ಅರಿಯಬಹುದು.

ಲೀಲಾ ಮತ್ತು ಹಮೀದ್ ಎಂಬ ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಗಣಿತ, ವಿಜ್ಞಾನ ಎಂಬ ಎರಡು ಪಾಠಗಳಿವೆ. ಒಬ್ಬೊಬ್ಬರ ಫೋನಿನಲ್ಲೂ ಒಂದು ಪಾಠದಷ್ಟೇ ಜಾಗವಿದೆ. ನಾಳೆ ಯಾರು ಯಾವ ಪಾಠ ಕೇಳುತ್ತಾರೆಂದು ಟವರಿಗೆ ತಿಳಿಯದು. ಆದ್ದರಿಂದ ಅದು ಒಂದೊಂದು ಪಾಠವನ್ನೂ ಎರಡು ಸಮಭಾಗ ಮಾಡುತ್ತದೆ: ಗ-1, ಗ-2; ವಿ-1, ವಿ-2. ರಾತ್ರಿ ದಾರಿ ಖಾಲಿಯಿರುವಾಗ ಲೀಲಾಳ ಫೋನಿನಲ್ಲಿ ಗ-1, ವಿ-1 ಭಾಗಗಳನ್ನೂ ಹಮೀದನ ಫೋನಿನಲ್ಲಿ ಗ-2, ವಿ-2 ಭಾಗಗಳನ್ನೂ ಇರಿಸುತ್ತದೆ.

ಮರುದಿನ ಲೀಲಾ ಗಣಿತ ಕೇಳುತ್ತಾಳೆ. ಅವಳಿಗೆ ಬೇಕಾದದ್ದು ಗ-2. ಹಮೀದ್ ವಿಜ್ಞಾನ ಕೇಳುತ್ತಾನೆ. ಅವನಿಗೆ ಬೇಕಾದದ್ದು ವಿ-1. ಸಾಮಾನ್ಯ ಕ್ರಮದಲ್ಲಿ ಎರಡು ಅರ್ಧಭಾಗಗಳನ್ನು ಒಂದಾದ ಮೇಲೊಂದರಂತೆ ಕಳುಹಿಸಬೇಕು. ಆದರೆ ಟವರು ಅವೆರಡನ್ನೂ ಕೂಡಿಸಿ ಒಂದೇ ಭಾಗವಾಗಿ ಕಳುಹಿಸುತ್ತದೆ. ಇಲ್ಲಿ ಕೂಡಿಸುವ ನಿಯಮ ಹೀಗಿದೆ: ಎರಡು ಅಂಕಿಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1.

ಗ-2 = 1 0 1 1
ವಿ-1 = 0 1 1 0
ಕೂಡಿಸಿದ ಸಂಕೇತ = 1 1 0 1

1 1 0 1 ಎಂಬ ಸಂಕೇತ ಇಬ್ಬರಿಗೂ ಕೇಳಿಸುತ್ತದೆ. ಲೀಲಾಳ ಬಳಿ ವಿ-1 ಇದೆ. ಅದನ್ನು ಅದೇ ನಿಯಮದಿಂದ ಕೂಡಿಸಿದರೆ 1 0 1 1 ಬರುತ್ತದೆ, ಅದೇ ಗ-2. ಹಮೀದನ ಬಳಿ ಗ-2 ಇದೆ. ಅದನ್ನು ಕೂಡಿಸಿದರೆ 0 1 1 0, ಅದೇ ವಿ-1. ಪೆನ್ಸಿಲ್ ಹಿಡಿದು ಪರೀಕ್ಷಿಸಿ ನೋಡಿರಿ. ಅರ್ಧ ಪಾಠದಷ್ಟು ಪ್ರಸಾರದಿಂದ ಇಬ್ಬರ ಬೇಡಿಕೆಯೂ ತೀರಿತು. ಲೀಲಾ ತನಗೆ ಬೇಡದ ವಿ-1ನ್ನು ಸುಮ್ಮನೆ ಹೊತ್ತಿದ್ದಳೆಂದು ತೋರುತ್ತಿತ್ತು. ಆದರೆ ಅದೇ ಅವಳ ಕೈಯ ಕೀಲಿಕೈ ಆಯಿತು; ಮಾತ್ರವಲ್ಲ, ಅವಳ ಬಳಿ ಅದು ಇದ್ದುದರಿಂದಲೇ ಹಮೀದನಿಗೂ ಪ್ರತ್ಯೇಕ ಪ್ರಸಾರ ಬೇಕಾಗಲಿಲ್ಲ.

ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದಷ್ಟೂ ಲಾಭ ಹೆಚ್ಚು. 10 ಮಂದಿ ಇದ್ದು ಒಬ್ಬೊಬ್ಬರ ಫೋನಿನಲ್ಲೂ ಎಲ್ಲ ಪಾಠಗಳ ಅರ್ಧಭಾಗ ಇದ್ದರೆ, ಸಾಮಾನ್ಯ ಕ್ರಮದಲ್ಲಿ ಒಟ್ಟು 5 ಪಾಠಗಳಷ್ಟು ಪ್ರಸಾರ ಬೇಕು. ಈ ಕ್ರಮದಲ್ಲಿ ಒಂದು ಪಾಠದ ಆರರಲ್ಲಿ ಐದು ಪಾಲು ಸಾಕು. ಆದರೆ ಬೆಲೆಯಿಲ್ಲದ ಲಾಭವುಂಟೇ? 10 ಮಂದಿಗೆ ಹೀಗೆ ಮಾಡಲು ಪ್ರತಿ ಪಾಠವನ್ನೂ 252 ತುಂಡು ಮಾಡಬೇಕು. ಮಂದಿ ಹೆಚ್ಚಿದಂತೆ ತುಂಡುಗಳ ಸಂಖ್ಯೆ ಮಿತಿಮೀರಿ ಬೆಳೆಯುತ್ತದೆ. ಎಲ್ಲರೂ ಒಂದೇ ವೇಳೆಗೆ ಕೇಳುವಂತಿರಬೇಕು ಎಂಬುದು ಇನ್ನೊಂದು ಷರತ್ತು.

ಯಾರ ಬೇಡಿಕೆ ದೊಡ್ಡದು?

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಹೆಚ್ಚು ಜನ ಕೇಳಿದ್ದು ಹತ್ತಿರ, ಕಡಿಮೆ ಜನ ಕೇಳಿದ್ದು ದೂರ ಎಂಬುದು ಉಗ್ರಾಣದ ನೀತಿ. ಲೆಕ್ಕಕ್ಕೆ ಇದು ಸರಿ. ಆದರೆ ಯಾವ ಊರಿನ ತಲೆ ಎಣಿಸಿದ ಲೆಕ್ಕ?

ಕೇರಳದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಮುಖ್ಯವಾಗಿ ಕಾಸರಗೋಡು ಜಿಲ್ಲೆಯಲ್ಲಿವೆ. ಇಡೀ ರಾಜ್ಯದ ಬೇಡಿಕೆಗಳನ್ನು ಒಂದೇ ಪಟ್ಟಿಯಲ್ಲಿ ಬರೆದರೆ ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ಭೌತಶಾಸ್ತ್ರ ಪಾಠ ಎಲ್ಲೋ ತಳದಲ್ಲಿರುತ್ತದೆ. ದೂರದ ದೊಡ್ಡ ನಗರದಲ್ಲಿ ಇರುವ ಉಗ್ರಾಣ ಆ ಪಟ್ಟಿಯ ಮೊದಲ ನೂರನ್ನು ಇಟ್ಟುಕೊಂಡರೆ ನಮ್ಮ ಪಾಠಕ್ಕೆ ಅಲ್ಲಿ ಸ್ಥಳವಿಲ್ಲ. ಯಾರೂ ದ್ವೇಷದಿಂದ ಹೊರಹಾಕಿದ್ದಲ್ಲ, ಗುಣಾಕಾರವೇ ಹೊರಹಾಕಿತು. ಪರಿಣಾಮ ಮಾತ್ರ ಒಂದೇ: ಬಹುಸಂಖ್ಯಾತರ ಪಾಠ ಬೇಗ ಬರುತ್ತದೆ, ಅಲ್ಪಸಂಖ್ಯಾತರ ಪಾಠ ತಡವಾಗಿ ಬರುತ್ತದೆ. ತಡವಾಗಿ ಬರುವುದನ್ನು ಮಕ್ಕಳು ಬೇಸರದಿಂದ ಅರ್ಧಕ್ಕೆ ಬಿಡುತ್ತಾರೆ. ಆಗ ಬೇಡಿಕೆ ಇನ್ನೂ ಇಳಿಯುತ್ತದೆ.

ಅದೇ ಪಟ್ಟಿಯನ್ನು ನಮ್ಮ ಶಾಲೆಯ ಪಕ್ಕದ ಟವರಿನ ವ್ಯಾಪ್ತಿಗೆ ಮಾತ್ರ ಬರೆದು ನೋಡೋಣ. ಪರೀಕ್ಷೆಯ ಕಾಲದಲ್ಲಿ ಅಲ್ಲಿ ಅದೇ ಭೌತಶಾಸ್ತ್ರ ಪಾಠ ಮೊದಲ ಸಾಲಿಗೇ ಬರಬಹುದು! ರಾಜ್ಯದ ಪಟ್ಟಿಯಲ್ಲಿ ಕಾಣದಿದ್ದದ್ದು ಊರಿನ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಉಗ್ರಾಣವನ್ನು ಜನರ ಹತ್ತಿರಕ್ಕೆ ತಂದಂತೆ ಮಾಹಿತಿ ಬೇಗ ಸಿಗುತ್ತದೆ ಎಂಬುದಷ್ಟೇ ಲಾಭವಲ್ಲ; ಆ ಊರಿನ ಭಾಷೆ ಯಾವುದು, ಅಗತ್ಯವೇನು ಎಂಬುದೂ ಲೆಕ್ಕಕ್ಕೆ ಸಿಗುತ್ತದೆ. ಗಡಿನಾಡಿನ ಕನ್ನಡಿಗರ ಮಟ್ಟಿಗೆ, ಸೊಲ್ಲಾಪುರವಾಗಲಿ ತಾಳವಾಡಿಯಾಗಲಿ ಆದವಾನಿಯಾಗಲಿ, ಇದು ಸಣ್ಣ ಮಾತಲ್ಲ.

ಇದಕ್ಕೊಂದು ತೊಡಕಿದೆ. ಚಿಕ್ಕ ಊರಿನ ಟವರಿಗೆ ದಿನಕ್ಕೆ ಬರುವ ಬೇಡಿಕೆಗಳು ಕಡಿಮೆ. ಅಷ್ಟು ಕಡಿಮೆ ಬೇಡಿಕೆಗಳನ್ನು ನೋಡಿ ಯಾವುದು ಜನಪ್ರಿಯ ಎಂದು ಯಂತ್ರ ಕಲಿತುಕೊಳ್ಳುವ ಹೊತ್ತಿಗೆ ಪಾಠ ಮುಗಿದು ಪರೀಕ್ಷೆಯೂ ಮುಗಿದಿರಬಹುದು. ಇಲ್ಲೇ ಬೆಲಾಡಿಯ ಸೂತ್ರ ನೆನಪಿಗೆ ಬರಬೇಕು. ಅದಕ್ಕೆ ಭವಿಷ್ಯ ತಿಳಿದಿರಬೇಕು ಎಂದೆವು. ಸಿನಿಮಾ ನೋಡುವವರ ಭವಿಷ್ಯ ಯಾರಿಗೂ ತಿಳಿಯದು. ಆದರೆ ಶಾಲೆಯ ಭವಿಷ್ಯ ತಿಳಿದಿದೆ: ಅದು ಗೋಡೆಯ ಮೇಲೆ ವೇಳಾಪಟ್ಟಿಯಾಗಿ ತೂಗಾಡುತ್ತಿದೆ! ಸೋಮವಾರ ಯಾವ ಪಾಠ, ಮಂಗಳವಾರ ಯಾವುದು, ಯಾವ ತಿಂಗಳಲ್ಲಿ ಪರೀಕ್ಷೆ ಎಂಬುದು ಮೊದಲೇ ನಿಶ್ಚಿತ. ಗಣಿತ, ಕನ್ನಡ, ವಿಜ್ಞಾನ ಎಂದು ಸರದಿಯಲ್ಲಿ ಬರುವ ಬೇಡಿಕೆಗೆ ರೂಢಿಯ ಸೂತ್ರ ಸೋತುದನ್ನೂ ತಿಳಿವಳಿಕೆಯ ಸೂತ್ರ ಗೆದ್ದುದನ್ನೂ ಮೇಲೆ ನೋಡಿದ್ದೇವೆ. ಎಣಿಕೆಯಲ್ಲಿ ಸೋಲುವ ಚಿಕ್ಕ ಸಮುದಾಯ ಮುನ್ನರಿವಿನಲ್ಲಿ ಗೆಲ್ಲಬಹುದು.

ತೊಡಕುಗಳು

ಉಗ್ರಾಣವೇ ಎಲ್ಲಕ್ಕೂ ಮದ್ದಲ್ಲ. ಮೊದಲನೆಯದಾಗಿ, ಟವರಿನ ಸಂಕೇತವೇ ತಲುಪದ ಕಣಿವೆಯ ಮನೆಗೆ ಟವರಿನ ಉಗ್ರಾಣದಿಂದ ಏನೂ ಪ್ರಯೋಜನವಿಲ್ಲ. ಸಂಕೇತ ಹುಡುಕಿ ಗುಡ್ಡ ಹತ್ತುವ ಮಕ್ಕಳಿಗೆ ಮೊದಲು ಬೇಕಾದದ್ದು ಟವರು.

ಎರಡನೆಯದಾಗಿ, ಇಂದು ಜಾಲದಲ್ಲಿ ಸಾಗುವ ಬಹುಪಾಲು ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ಮುಚ್ಚಿದ ಲಕೋಟೆಯೊಳಗೆ ಏನಿದೆಯೆಂದು ಅಂಚೆಯವನಿಗೆ ತಿಳಿಯದಂತೆ, ಯಾವ ಪಾಠ ಹೋಗುತ್ತಿದೆಯೆಂದು ಟವರಿಗೆ ತಿಳಿಯದು. ಇದು ನಮ್ಮ ಖಾಸಗಿತನಕ್ಕೆ ರಕ್ಷಣೆ, ಬೇಡವೆನ್ನುವಂತಿಲ್ಲ. ಆದ್ದರಿಂದ ಮಾಹಿತಿಯ ಒಡೆಯರೂ ಟವರಿನ ಒಡೆಯರೂ ಪರಸ್ಪರ ಒಪ್ಪಂದ ಮಾಡಿಕೊಂಡರೆ ಮಾತ್ರ ಇಂತಹ ಉಗ್ರಾಣ ಸಾಧ್ಯ.

ಮೂರನೆಯದಾಗಿ, ನೇರ ಪ್ರಸಾರವನ್ನು ರಾತ್ರಿ ತಂದಿರಿಸಲು ಬಾರದು. 2023ರ ನವೆಂಬರ್ 19ರಂದು ನಡೆದ ವಿಶ್ವಕಪ್ ಕ್ರಿಕೆಟ್ ಅಂತಿಮ ಪಂದ್ಯವನ್ನು ಜಾಲದ ಮೂಲಕ ಒಂದೇ ವೇಳೆಗೆ 5.9 ಕೋಟಿ ಮಂದಿ ನೋಡಿದ ಕ್ಷಣವಿತ್ತು. ಅಲ್ಲಿಯೂ ಉಗ್ರಾಣಕ್ಕೆ ಕೆಲಸವಿದೆ: ಆಟದ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಒಂದು ಪ್ರತಿ ಹತ್ತಿರದ ಸರ್ವರಿಗೆ ಬಂದೊಡನೆ ಅಲ್ಲಿಂದಲೇ ಸಾವಿರಾರು ಮಂದಿಗೆ ಹಂಚುತ್ತಾರೆ. ಅದು ಮರುಗಳಿಗೆಗೆ ಹಳಸುವ ದಾಸ್ತಾನು, ಅಷ್ಟೆ.

ಉಪಸಂಹಾರ

ಟವರು ನಮ್ಮದಲ್ಲ, ಅಲ್ಲಿ ಏನನ್ನು ಇಡಬೇಕೆಂದು ನಿರ್ಧರಿಸುವವರು ನಾವಲ್ಲ. ಆದರೆ ಬಳಕೆದಾರನಿಗೆ ಇನ್ನೂ ಹತ್ತಿರದ ಒಂದು ನಿಸ್ತಂತು ಜಾಲವಿದೆ: ಶಾಲೆಯ ವೈಫೈ. ಕಂಪ್ಯೂಟರ್ ಕೊಠಡಿಯ ಒಂದು ಯಂತ್ರವನ್ನೇ ಉಗ್ರಾಣ ಮಾಡಿ, ಅಂತರ್ಜಾಲವಿಲ್ಲದಿರುವಾಗಲೂ ಅದರಿಂದ ಪಾಠಗಳನ್ನು ಎಲ್ಲ ತರಗತಿಗಳಿಗೂ ಒದಗಿಸಬಹುದು. 2007ರಲ್ಲಿ ಆರಂಭವಾದ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಇಂತಹುದೇ ಕೆಲಸಕ್ಕಾಗಿ ಇದೆ. ಅದರ ಮೂಲಕ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ ಜಾಲದ ಸಂಪರ್ಕವಿಲ್ಲದೆ ಓದಬಹುದು. 2003ರಲ್ಲಿ ಆರಂಭವಾಗಿ ಈಗ 30 ಸಾವಿರಕ್ಕೂ ಮಿಕ್ಕಿದ ಲೇಖನಗಳಿರುವ ಕನ್ನಡ ವಿಕಿಪೀಡಿಯವೂ ಅದರಲ್ಲಿ ದೊರೆಯುತ್ತದೆ. ಹಂಚಲು ಅನುಮತಿಯಿರುವ ಕನ್ನಡ ಪಾಠಗಳನ್ನು ಅದರ ಜೊತೆಗೆ ಸೇರಿಸಿ, ವೇಳಾಪಟ್ಟಿಯಂತೆ ಜೋಡಿಸಿಡುವುದು ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ.

ಹತ್ತಿರದಲ್ಲಿ ಏನಿರಬೇಕು ಎಂಬುದನ್ನು ಯಾರಾದರೊಬ್ಬರು ನಿರ್ಧರಿಸಲೇಬೇಕು. ನಾವು ನಿರ್ಧರಿಸದಿದ್ದರೆ ದೂರದ ಪಟ್ಟಿಯೊಂದು ನಮಗಾಗಿ ನಿರ್ಧರಿಸುತ್ತದೆ. ಉಗ್ರಾಣದ ಕೀಲಿಕೈ ಮನೆಯಲ್ಲೇ ಇರುವುದು ಲೇಸು.

ಅಭ್ಯಾಸಕ್ಕಾಗಿ

1. ಒಂದು ಟವರಿನ ಕೊಂಡಿಯ ಸಾಮರ್ಥ್ಯ ಸೆಕೆಂಡಿಗೆ 50 ಮೆಗಾಬಿಟ್. 60 ವಿದ್ಯಾರ್ಥಿಗಳು 150 ಮೆಗಾಬೈಟ್‌ನ ಒಂದೇ ಪಾಠವನ್ನು ಕೇಳುತ್ತಾರೆ. ಉಗ್ರಾಣವಿಲ್ಲದಾಗ ಕೊಂಡಿಗೆ ಎಷ್ಟು ಸಮಯ ಬೇಕು? ಉಗ್ರಾಣವಿದ್ದಾಗ ಎಷ್ಟು? (ಉತ್ತರ: 24 ನಿಮಿಷ, 24 ಸೆಕೆಂಡು.)

2. ಮೂವರು ವಿದ್ಯಾರ್ಥಿಗಳು, ಮೂರು ಪಾಠಗಳು. ಒಬ್ಬೊಬ್ಬರ ಫೋನಿನಲ್ಲೂ ಒಂದು ಪಾಠದಷ್ಟು ಜಾಗ. ಪ್ರತಿ ಪಾಠವನ್ನೂ ಮೂರು ಭಾಗ ಮಾಡಿ, ಮೊದಲನೆಯವರಿಗೆ ಎಲ್ಲ ಪಾಠಗಳ ಮೊದಲ ಭಾಗ, ಎರಡನೆಯವರಿಗೆ ಎರಡನೆಯ ಭಾಗ, ಮೂರನೆಯವರಿಗೆ ಮೂರನೆಯ ಭಾಗವನ್ನು ಕೊಟ್ಟಿದೆ. ಮೂವರೂ ಬೇರೆ ಬೇರೆ ಪಾಠ ಕೇಳಿದರೆ, ಒಟ್ಟು ಒಂದು ಪಾಠದಷ್ಟೇ ಪ್ರಸಾರದಿಂದ ಎಲ್ಲರನ್ನೂ ತೃಪ್ತಿಪಡಿಸುವುದು ಹೇಗೆ?

3. ನಮ್ಮ ಶಾಲೆಯ ಉಗ್ರಾಣದಲ್ಲಿ 10 ಪಾಠಗಳಿಗೆ ಮಾತ್ರ ಸ್ಥಳವಿದೆ. ಮುಂದಿನ ತಿಂಗಳಿಗೆ ಯಾವ ಹತ್ತನ್ನು ಇಡುವಿರಿ? ನಿಮ್ಮ ತರಗತಿಯ ಪಟ್ಟಿಯನ್ನು ಪಕ್ಕದ ತರಗತಿಯ ಪಟ್ಟಿಯೊಡನೆ ಹೋಲಿಸಿ ಚರ್ಚಿಸಿರಿ.